ಠೇವಣಿ

ಹೆಸರಿಗೆ ನಗರ. ಇರುವುದು ಒಂದೇ ಬೀದಿ,
ಕೋಟೆಯ ಬಾಗಿಲು, ಹಾಲಿನ ಡೇರಿ, ಎರಡು ಹೋಟೆಲು,
ಆಮೇಲೆ ನಾವು: ಹೆಂಚಿನ ಠಾಣೆ, ಹನ್ನೊಂದು ಜನ, ಒಂದು ಜೀಪು.

ನೀತಿಸಂಹಿತೆ ಬಂದ ಮರುದಿನದಿಂದಲೇ
ಬಸ್ಸಿಳಿದು ಬರುತ್ತವೆ ಕೋವಿಗಳು
ಗೋಣಿ ಸುತ್ತಿಕೊಂಡು, ಹರಿದ ಸೀರೆ ಸುತ್ತಿಕೊಂಡು,
ಜ್ವರದ ಮಕ್ಕಳನ್ನು ಆಸ್ಪತ್ರೆಗೆ ತಂದ ಹಾಗೆ
ಹೆಗಲ ಮೇಲೆ.

ನಾನು ಠಾಣೆಯ ರೈಟರು.
ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು,
ಒಂಟಿ ನಳಿಗೆಯೋ ಜೋಡಿ ನಳಿಗೆಯೋ,
ಕೊನೆಯಲ್ಲಿ ಹೆಬ್ಬೆರಳಗಲದ ಕಲಂ: ಷರಾ.
ಅಲ್ಲಿ ಏನು ಬರೆಯಬೇಕೆಂದು ತರಬೇತಿಯಲ್ಲಿ ಯಾರೂ ಹೇಳಲಿಲ್ಲ.

ಗಿಡ್ಡಮ್ಮನ ಕೋವಿಗೆ ಕುದುರೆಯೇ ಇಲ್ಲ.
ಗಂಡ ಸತ್ತು ಒಂಬತ್ತು ವರ್ಷ, ಲೈಸೆನ್ಸು ಅವಳ ಹೆಸರಿಗೆ.
ಪ್ರತಿ ಚುನಾವಣೆಗೂ ತರುತ್ತಾಳೆ,
"ಒಂಚೂರು ಎಣ್ಣೆ ಹಾಕಿಡ್ರೇ" ಎನ್ನುತ್ತಾಳೆ,
ಸರ್ಕಾರ ರಿಪೇರಿಗೆಂದೇ ಕರೆದ ಹಾಗೆ.
ಪಾಸ್ಕಲ್ ಪೊರ್ಬುಗಳಿಗೆ ಸಿಟ್ಟು:
"ಹಲಸು ಹಣ್ಣಾಗೋ ಹೊತ್ತಿಗೇ ಯಾಕೆ ಓಟು ಇಡ್ತಾರೆ?
ಮಂಗನ ಜೊತೆ ಮಾತಾಡ್ಕೊಂಡಿದಾರಾ?"

ಮಂಗಳವಾರ ಅರೆಸೇನಾ ಪಡೆಯ ಪಥಸಂಚಲನ.
ದೂರದೂರಿನ ಎಂಬತ್ತು ಹುಡುಗರು;
ಮೊದಲ ಸಾಲು ಕೋಟೆ ಮುಟ್ಟಿದಾಗ
ಕೊನೆಯ ಸಾಲು ಇನ್ನೂ ಡೇರಿಯ ಮುಂದೆ.
ನೋಡಲು ನಿಂತವರು ಮೂವತ್ತು, ಅರ್ಧ ಮಕ್ಕಳು.
ಸಂಜೆ ಆಶಾ ಕಾರ್ಯಕರ್ತೆ ಬಂದು
ಎಲ್ಲ ಜವಾನರಿಗೂ ಉಣುಗಿನ ಎಣ್ಣೆ ಹಂಚಿದಳು,
ಕೈಸನ್ನೆಯಲ್ಲಿ ತಿಳಿಸಿದಳು: ಕಾಲಿಗೆ, ಕತ್ತಿಗೆ, ಕಿವಿಯ ಹಿಂದೆ.

ಹೋದ ಪಂಚಾಯ್ತಿ ಚುನಾವಣೆಯಲ್ಲಿ
ಡೇರಿ ಕಂಬದ ಬಾವುಟ ಹರಿದದ್ದಕ್ಕೆ ಎರಡು ತಲೆ ಒಡೆದಿದ್ದವು.
ಅಂದಿನಿಂದ ಹಾಲು ಹಾಕುವವರದು ಎರಡು ಸಾಲು.
ಡಿಗ್ರಿ ನೋಡುವ ಗಾಜಿನ ಕೊಳವೆ ಮಾತ್ರ ಒಂದೇ.
ನಕ್ಷೆಯಲ್ಲಿ ನಮಗೆ ಕೆಂಪು ಚುಕ್ಕಿ: ಅತಿಸೂಕ್ಷ್ಮ.

ಎಡಗಡೆಯ ಸಾಲಿನ ಕೆರಿಯಪ್ಪ ಮೊದಲ ದಿನವೇ ಬಂದ,
ರಶೀದಿ ಮಡಚಿ ಟೊಪ್ಪಿಯೊಳಗೆ ಇಟ್ಟುಕೊಂಡ.
ಬಲಗಡೆಯವರಲ್ಲಿ ಒಬ್ಬರು ಬಾಕಿ.
ಅರವತ್ತೆರಡರಲ್ಲಿ ಅರವತ್ತೊಂದು.
ಸಾಹೇಬರು ಪಟ್ಟಿಯ ಮೇಲೆ ಬೆರಳಿಟ್ಟರು: "ಇದ್ಯಾರು?"
ನಮ್ಮಪ್ಪ, ಸರ್.
"ನೋಟೀಸು ಬರೀರಿ."
ಬರೆದೆ. ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ.
ಅಪ್ಪನಿಗೆ ನಾನು 'ತಾವು' ಎಂದದ್ದು ಅದೇ ಮೊದಲು.

ಗಡುವಿನ ಸಂಜೆ, ಕೊನೇ ಬಸ್ಸು.
ಟವೆಲು ಸುತ್ತಿದ ಕೋವಿ ಮೊದಲು ಇಳಿಯಿತು, ಆಮೇಲೆ ಅಪ್ಪ.
ಬೇರೆಯವರ ಹಾಗೆ ಬೆಂಚಿನ ಮೇಲೆ ಕೂತ.
ಕರೆದಾಗ ಎದ್ದು ಬಂದು ಮೇಜಿನ ಮೇಲಿಟ್ಟ.
ನನ್ನ ಮುಖ ನೋಡಲಿಲ್ಲ, ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದ.

ಹೆಸರು?
"ಬೂದ್ಯಪ್ಪ."
ತಂದೆಯ ಹೆಸರು?
ಅಜ್ಜನ ಹೆಸರನ್ನು ನಿಧಾನಕ್ಕೆ
ಅಕ್ಷರ ಬಿಡಿಸಿ ಬಿಡಿಸಿ ಹೇಳಿದ,
ನಾನೆಲ್ಲಿ ತಪ್ಪು ಬರೆದುಬಿಡುವೆನೋ ಎಂಬಂತೆ.

ರಶೀದಿ ಹರಿದು ಕೊಟ್ಟೆ.
"ಸೋತೋರು ಠೇವಣಿ ಕಳ್ಕೋತಾರೆ. ನಮ್ದು ವಾಪಸ್ ಬರ್ತದಾ?"
ನಗು ಬಂತು. ಪಕ್ಕದಲ್ಲಿ ಸಾಹೇಬರಿದ್ದರು.
ಫಲಿತಾಂಶ ಆಗಿ ಒಂದು ವಾರಕ್ಕೆ, ಎಂದೆ.
"ಅಷ್ಟೊತ್ತಿಗೆ ಬಾಳೆತೋಟ ಪೂರಾ ಮಂಗ ಗೆದ್ದಿರ್ತದೆ."
ಟವೆಲನ್ನು ಮಾತ್ರ ವಾಪಸ್ಸು ತೆಗೆದುಕೊಂಡು ಕೊಡವಿ
ಹೆಗಲಿಗೆ ಹಾಕಿಕೊಂಡು ಹೋದ.
ಷರಾ ಖಾಲಿ ಬಿಟ್ಟೆ.

ಕೋಣೆಯ ಬೀಗ ತೆಗೆದೆ. ಗೋಡೆಗೊರಗಿ ಅರವತ್ತೊಂದು,
ಕೊರಳಿಗೆ ರಟ್ಟಿನ ಚೀಟಿ ಕಟ್ಟಿಕೊಂಡು
ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ.
ಕೆರಿಯಪ್ಪನದರ ಪಕ್ಕ ಗೇಣು ಜಾಗ.
ಅಲ್ಲಿ ಬೇಡವೆಂದು ಆ ಮೂಲೆ ನೋಡಿದೆ, ಕಿಟಕಿಯ ಕೆಳಗೆ ನೋಡಿದೆ,
ಗಿಡ್ಡಮ್ಮನದನ್ನು ಸರಿಸಿ ನೋಡಿದೆ.

ಬೇರೆಲ್ಲೂ ಹಿಡಿಯಲಿಲ್ಲ.